ಮೊಬೈಲ್ ಫೋನಿನಲ್ಲಿ ರೇಡಿಯೊ ಮತ್ತು ಡಿಜಿಟಲ್ ಮಾಧ್ಯಮ: ಹೆಬ್ಬಾಳ ಕೆಂಪಾಪುರದ ಸುತ್ತಮುತ್ತ

ಮೊಬೈಲ್ ಫೋನು ರೇಡಿಯೊ ಕೇಳಿಸುವುದು ಎರಡು ಬಗೆಯಲ್ಲಿ. ಗಾಳಿಯಲ್ಲಿ ಎಲ್ಲರಿಗಾಗಿ ಬಿಟ್ಟ ತರಂಗವನ್ನು ತನ್ನೊಳಗಿನ ಗ್ರಾಹಕದಿಂದ ನೇರವಾಗಿ ಹಿಡಿಯುವುದು ಒಂದು ಬಗೆ; ಎಫ್‌ಎಂ ಇದಕ್ಕೆ ಸೇರಿದ್ದು. ಅಂತರ್ಜಾಲದ ಸರ್ವರಿನಿಂದ ಅದೇ ಕಾರ್ಯಕ್ರಮವನ್ನು ತನ್ನೊಬ್ಬನಿಗಾಗಿ ತರಿಸಿಕೊಳ್ಳುವುದು ಇನ್ನೊಂದು ಬಗೆ. ಸ್ಟ್ರೀಮಿಂಗ್, ಪಾಡ್‌ಕಾಸ್ಟ್, ಹಾಡಿನ ಆ್ಯಪುಗಳೆಲ್ಲ ಇದಕ್ಕೆ ಸೇರಿದವು. ಕಿವಿಗೆ ಎರಡೂ ಒಂದೇ ಹಾಡು. ಆದರೆ ಮೊದಲನೆಯದಕ್ಕೆ ಸಿಮ್ ಬೇಡ, ಡೇಟಾ ಬೇಡ, ಲಾಗಿನ್ ಬೇಡ. ಯಾರು ಕೇಳುತ್ತಿದ್ದಾರೆಂಬ ಗುರುತು ನಿಲಯಕ್ಕೆ ಸಿಗುವುದೂ ಇಲ್ಲ. ಎರಡನೆಯದರಲ್ಲಿ ಪ್ರತಿ ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಫೋನಿನಲ್ಲಿ ರೇಡಿಯೊ ಬಂದು, ಬೆಳೆದು, ಹಿಂದೆ ಸರಿದ ಕಥೆಯನ್ನು ಅರಿಯಲು ಈ ವ್ಯತ್ಯಾಸವೇ ಮುಖ್ಯ.

ಈ ಲೇಖನ ಉತ್ತರ ಬೆಂಗಳೂರಿನ ಕೆಂಪಾಪುರವನ್ನು ನೆಲೆಯಾಗಿ ಇಟ್ಟುಕೊಂಡಿದೆ. ಆ ಹೆಸರಿನ ಊರುಗಳು ಬೆಂಗಳೂರಿನಲ್ಲಿ ಒಂದಕ್ಕಿಂತ ಹೆಚ್ಚಿರುವುದರಿಂದ ಜನ ಇದನ್ನು ಹೆಬ್ಬಾಳ ಕೆಂಪಾಪುರ ಎನ್ನುತ್ತಾರೆ. ಹೆಬ್ಬಾಳ ಮೇಲ್ಸೇತುವೆ, ಜಕ್ಕೂರು, ಅಮೃತಹಳ್ಳಿ, ಮಾನ್ಯತಾ ಟೆಕ್ ಪಾರ್ಕ್‌ಗಳ ನಡುವೆ ಇರುವ ಬಡಾವಣೆ ಇದು. ರೇಡಿಯೊ ವಿಷಯಕ್ಕೆ ಈ ಜಾಗ ತಕ್ಕದ್ದೇ. ಉತ್ತರಕ್ಕೆ ಯಲಹಂಕದಲ್ಲಿ ಆಕಾಶವಾಣಿಯ ಹ್ರಸ್ವ ತರಂಗ ಕೇಂದ್ರವಿದೆ. 1994ರಲ್ಲಿ ಶುರುವಾದ ಅಲ್ಲಿನ ಟ್ರಾನ್ಸ್‌ಮಿಟರುಗಳು ಒಂದೊಂದೂ 500 ಕಿಲೋವ್ಯಾಟ್ ಶಕ್ತಿಯವು, ಹೊರದೇಶಗಳನ್ನು ತಲುಪಲೆಂದು ನಿಲ್ಲಿಸಿದವು. ಪಶ್ಚಿಮಕ್ಕೆ ಜಾಲಹಳ್ಳಿಯಲ್ಲಿ, ಆಕಾಶವಾಣಿಗೂ ದೂರದರ್ಶನಕ್ಕೂ ಟ್ರಾನ್ಸ್‌ಮಿಟರುಗಳನ್ನು ತಯಾರಿಸಿಕೊಟ್ಟ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಇದೆ. ದಕ್ಷಿಣಕ್ಕೆ ಆರ್.ಟಿ. ನಗರ ದಾಟಿದರೆ ಜೆ.ಸಿ. ನಗರದ ದೂರದರ್ಶನ ಕೇಂದ್ರ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ರೇಡಿಯೊ ಹುಟ್ಟಿದ್ದು ಸರಕಾರದ ಕಚೇರಿಯಲ್ಲಲ್ಲ, ಒಬ್ಬ ಮೇಷ್ಟರ ಮನೆಯಲ್ಲಿ. ಮೈಸೂರು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್ ಶಕ್ತಿಯ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದರು. ಮುಂದೆ ಇಡೀ ದೇಶದ ರೇಡಿಯೊಗೆ ನಿಂತ ‘ಆಕಾಶವಾಣಿ’ ಎಂಬ ಹೆಸರು ಈ ಮೈಸೂರು ನಿಲಯದ್ದು. 1955ರ ನವೆಂಬರಿನಲ್ಲಿ ನಿಲಯ ಬೆಂಗಳೂರಿಗೆ ಬಂತು. ರಾಜಭವನ ರಸ್ತೆಯ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗ ಪ್ರಸಾರವನ್ನು ಕೇಳಿ ಬೆಳೆದವರು ಹಳೆಯ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಮಂದಿ. ಆಗ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು.

ಮಧ್ಯಮ ತರಂಗ ನಮ್ಮ ಸಾಮಾನ್ಯ ಮೊಬೈಲ್ ಫೋನಿಗೆ ಬರಲೇ ಇಲ್ಲ. ಕಾರಣ ಭೌತಶಾಸ್ತ್ರದಲ್ಲಿದೆ. 612 ಕಿಲೋಹರ್ಟ್ಸ್ ಎಂದರೆ ತರಂಗಾಂತರ ಸುಮಾರು 490 ಮೀಟರ್. ಇದನ್ನು ಹಿಡಿಯಲು ಟ್ರಾನ್ಸಿಸ್ಟರ್ ರೇಡಿಯೊದೊಳಗೆ ತಾಮ್ರದ ತಂತಿ ಸುತ್ತಿದ ಬೆರಳುದ್ದದ ಫೆರೈಟ್ ಕಡ್ಡಿ ಇರುತ್ತಿತ್ತು. ತೆಳ್ಳಗಿನ ಫೋನಿನಲ್ಲಿ ಅದಕ್ಕೆ ಜಾಗವಿಲ್ಲ. ಜಾಗ ಮಾಡಿದರೂ ಫೋನಿನ ಪ್ರೊಸೆಸರು, ಪರದೆ, ಬ್ಯಾಟರಿ ಸರ್ಕ್ಯೂಟುಗಳು ಹೊರಡಿಸುವ ಗದ್ದಲ ಅದೇ ಕಂಪನಾಂಕಗಳಲ್ಲಿ ತುಂಬಿಕೊಂಡು ನಿಲಯವನ್ನು ನುಂಗಿಬಿಡುತ್ತದೆ. ಹೀಗಾಗಿ ರಾಜ್ಯದ ಅತಿ ಹೆಚ್ಚು ವಿಸ್ತಾರವಾದ ಕನ್ನಡ ಪ್ರಸಾರ ಫೋನಿನಿಂದ ಹೊರಗೇ ಉಳಿಯಿತು. ಅದನ್ನು ಫೋನಿಗೆ ತಂದದ್ದು ಅಂತರ್ಜಾಲ.

ಫೋನಿನೊಳಗಿನ ಎಫ್‌ಎಂ ಗ್ರಾಹಕ

ಭಾರತದಲ್ಲಿ ಎಫ್‌ಎಂ ಪಟ್ಟಿ 87.5ರಿಂದ 108 ಮೆಗಾಹರ್ಟ್ಸ್‌ವರೆಗೆ. ಅದಕ್ಕಿಂತ ಮೇಲೆ ವಿಮಾನಯಾನದ ಪಟ್ಟಿ ಶುರುವಾಗುತ್ತದೆ. 100 ಮೆಗಾಹರ್ಟ್ಸ್‌ನ ತರಂಗಾಂತರ 3 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 75 ಸೆಂಟಿಮೀಟರ್ ಉದ್ದದ ತಂತಿ ಸಿಕ್ಕರೆ ಆಂಟೆನಾ ಕೆಲಸ ಚೆನ್ನಾಗಿ ನಡೆಯುತ್ತದೆ. ಇಯರ್‌ಫೋನಿನ ವಯರು ಹೆಚ್ಚುಕಡಿಮೆ ಅಷ್ಟೇ ಉದ್ದ ಇರುವುದರಿಂದ ಫೋನು ತಯಾರಕರು ಅದನ್ನೇ ಆಂಟೆನಾ ಮಾಡಿಕೊಂಡರು. ‘ಹೆಡ್‌ಸೆಟ್ ಸಿಕ್ಕಿಸಿ’ ಎಂದು ರೇಡಿಯೊ ಆ್ಯಪು ಹಟ ಹಿಡಿಯುವುದು ಇದಕ್ಕೇ. ಧ್ವನಿ ಸ್ಪೀಕರಿನಿಂದ ಬರಬೇಕೆಂದಿದ್ದರೂ ಹೆಚ್ಚಿನ ಫೋನುಗಳಲ್ಲಿ ವಯರು ಸಿಕ್ಕಿಸಿಯೇ ಇರಬೇಕು. ಬ್ಲೂಟೂತ್ ಇಯರ್‌ಬಡ್‌ಗೆ ವಯರೇ ಇಲ್ಲ. ಹಾಗಾಗಿ ಅದರಿಂದ ಕೇಳಬಹುದು, ಹಿಡಿಯಲು ಆಗದು.

ಎಫ್‌ಎಂ ಗ್ರಾಹಕವಿದ್ದ ಮೊದಲ ಜನಪ್ರಿಯ ಫೋನುಗಳಲ್ಲಿ ನೋಕಿಯಾ 8310 ಒಂದು, ಬಂದದ್ದು 2001ರಲ್ಲಿ. ಅದೇ ವರ್ಷದ ಜುಲೈ 3ರಂದು ಬೆಂಗಳೂರಿನಲ್ಲಿ ಇಂದು 91.1ರಲ್ಲಿರುವ ರೇಡಿಯೊ ಸಿಟಿ ಶುರುವಾಯಿತು, ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ. ಈ ಎರಡರ ನಡುವೆ ಯಾವ ಒಪ್ಪಂದವೂ ಇರಲಿಲ್ಲ. ಆದರೆ ಮುಂದಿನ ಹತ್ತು ವರ್ಷ ಒಂದು ಇನ್ನೊಂದನ್ನು ಬೆಳೆಸಿತು. 2005ರ ಹೊತ್ತಿಗೆ ಇಡೀ ಎಫ್‌ಎಂ ಗ್ರಾಹಕ 4 ಮಿಲಿಮೀಟರ್ ಚೌಕದ ಒಂದೇ ಚಿಪ್ಪಿನೊಳಗೆ ಕೂತಿತು. ಅಲ್ಲಿಂದ ಸಾವಿರ-ಎರಡು ಸಾವಿರ ರೂಪಾಯಿಯ ಕೀಪ್ಯಾಡ್ ಫೋನಿಗೂ ರೇಡಿಯೊ ಬಂತು. ಹಗಲಿಡೀ ಕೇಳಿದರೂ ಬ್ಯಾಟರಿ ಖಾಲಿಯಾಗದಷ್ಟು ಕಡಿಮೆ ವಿದ್ಯುತ್ತು ಸಾಕಾಗುವುದರಿಂದ ಕಾವಲುಗಾರರು, ಆಟೊ ಚಾಲಕರು, ದರ್ಜಿಗಳು, ಕಟ್ಟಡ ಕೆಲಸದವರು ಇದನ್ನು ತಮ್ಮದಾಗಿಸಿಕೊಂಡರು. ಪ್ರತ್ಯೇಕ ಟ್ರಾನ್ಸಿಸ್ಟರ್ ಕೊಳ್ಳುವ ಅಗತ್ಯವೇ ಇಲ್ಲವಾಯಿತು. 2017ರಲ್ಲಿ 1500 ರೂಪಾಯಿ ಠೇವಣಿಗೆ ಸಿಕ್ಕ ಜಿಯೊಫೋನಿನಲ್ಲೂ ಎಫ್‌ಎಂ ಇತ್ತು.

ಎಫ್‌ಎಂ ತರಂಗದೊಳಗೆ ಧ್ವನಿಯಷ್ಟೇ ಇರುವುದಿಲ್ಲ. ಎಡ-ಬಲ ಕಿವಿಗಳ ಧ್ವನಿಯನ್ನು ಬೇರೆ ಮಾಡಲು 19 ಕಿಲೋಹರ್ಟ್ಸ್‌ನ ಒಂದು ಸೂಚಕ ಸ್ವರ, 38 ಕಿಲೋಹರ್ಟ್ಸ್ ಸುತ್ತ ಎಡ-ಬಲಗಳ ವ್ಯತ್ಯಾಸದ ಸಂಕೇತ, 57 ಕಿಲೋಹರ್ಟ್ಸ್‌ನಲ್ಲಿ ನಿಲಯದ ಹೆಸರು ಮತ್ತು ಚಿಕ್ಕ ಸಂದೇಶ ಹೊತ್ತ ಆರ್‌ಡಿಎಸ್ ಎಂಬ ದತ್ತಾಂಶ ಇರಬಹುದು. ಆರ್‌ಡಿಎಸ್ ವೇಗ ಸೆಕೆಂಡಿಗೆ 1187.5 ಬಿಟ್. ಇಂದಿನ ಲೆಕ್ಕಕ್ಕೆ ಅದು ಏನೂ ಅಲ್ಲ, ಆದರೂ ಫೋನಿನ ಪರದೆಯ ಮೇಲೆ ನಿಲಯದ ಹೆಸರು ಮೂಡಿಸಲು ಸಾಕು. ಫೋನಿಗೆ ಬಂದ ಮೊದಮೊದಲ ‘ಡಿಜಿಟಲ್ ಪ್ರಸಾರ’ಗಳಲ್ಲಿ ಇದೂ ಒಂದು ಎನ್ನಬೇಕು.

ಕೆಂಪಾಪುರದಲ್ಲಿ ಎಫ್‌ಎಂ

ಬೆಂಗಳೂರಿನ ಎಫ್‌ಎಂ ನಿಲಯಗಳು ಕೆಂಪಾಪುರಕ್ಕೆ ತಲುಪದಿರುವ ಮಾತೇ ಇಲ್ಲ. ದೂರ ಕಡಿಮೆ, ಅಡ್ಡ ಬರುವ ಗುಡ್ಡವೂ ಇಲ್ಲ. ಆದರೂ ಒಂದೇ ಮನೆಯ ಹಾಲಿನಲ್ಲಿ ಸ್ಪಷ್ಟವಾಗಿ ಬರುವ ನಿಲಯ ಅಡುಗೆಮನೆಯಲ್ಲಿ ಗೊರಗೊರ ಎನ್ನುತ್ತದೆ. ಕಾರಣ ಪ್ರತಿಫಲನ. ತರಂಗ ನೇರವಾಗಿಯೂ ಬರುತ್ತದೆ, ರಿಂಗ್ ರೋಡಿನ ಕಡೆಯ ಗಾಜು-ಲೋಹದ ಕಟ್ಟಡಗಳಿಗೆ ಬಡಿದು ತುಸು ತಡವಾಗಿಯೂ ಬರುತ್ತದೆ. ಎರಡೂ ಕೂಡಿದಲ್ಲಿ ಕೆಲವೆಡೆ ಬಲಗೊಂಡು ಕೆಲವೆಡೆ ಒಂದನ್ನೊಂದು ಅಳಿಸಿಬಿಡುತ್ತವೆ. ತರಂಗಾಂತರ 3 ಮೀಟರಾದ್ದರಿಂದ ಬಲದ ಜಾಗಕ್ಕೂ ಅಳಿದ ಜಾಗಕ್ಕೂ ನಡುವೆ ಒಂದು ಹೆಜ್ಜೆಯಷ್ಟೇ ಅಂತರ. ಸರಳು ಕಟ್ಟಿದ ಕಾಂಕ್ರೀಟು ಛಾವಣಿ, ಬಾಲ್ಕನಿಯ ಕಬ್ಬಿಣದ ಗ್ರಿಲ್ಲು, ಎಲ್‌ಇಡಿ ಬಲ್ಬಿನ ಅಗ್ಗದ ಡ್ರೈವರು ಉಳಿದ ತೊಂದರೆ ಕೊಡುತ್ತವೆ.

ಇದಕ್ಕೆ ಪರಿಹಾರ ಸುಲಭದ್ದೇ. ಇಯರ್‌ಫೋನಿನ ವಯರನ್ನು ಸುರುಳಿ ಸುತ್ತದೆ ಕಿಟಕಿಯ ಪಕ್ಕ ನೀಳವಾಗಿ ಇಳಿಬಿಡಬೇಕು; ಗ್ರಿಲ್ಲಿಗೆ ತಾಗಿಸಬಾರದು. ಚಾರ್ಜರು ತೆಗೆಯಬೇಕು. ಆ್ಯಪಿನಲ್ಲಿ ‘ಮೊನೊ’ ಆಯ್ಕೆ ಇದ್ದರೆ ಒತ್ತಬೇಕು. ಸ್ಟೀರಿಯೊ ಸ್ಪಷ್ಟವಾಗಿ ಕೇಳಲು ಬೇಕಾದ ಸಂಕೇತಬಲ ಮೊನೊಗೆ ಬೇಕಾದುದಕ್ಕಿಂತ ಬಹಳ ಹೆಚ್ಚು. ಮೊನೊ ಮಾಡಿದೊಡನೆ ಹಿನ್ನೆಲೆಯ ಸುಯ್ ಸದ್ದು ತಗ್ಗಿ ಮಾತು ಮೇಲೆ ಬರುತ್ತದೆ. ಸುದ್ದಿ, ಚರ್ಚೆ, ನಾಟಕ ಕೇಳುವವರಿಗೆ ಇಷ್ಟೇ ಸಾಕು.

ಆಕಾಶವಾಣಿಯ ಮೂರು ವಾಹಿನಿಗಳು ಇಲ್ಲಿ ಎಫ್‌ಎಂನಲ್ಲಿ ಸಿಗುತ್ತವೆ: 101.3ರಲ್ಲಿ ಎಫ್‌ಎಂ ರೇನ್‌ಬೋ ‘ಕನ್ನಡ ಕಾಮನಬಿಲ್ಲು’, 102.9ರಲ್ಲಿ ವಿವಿಧ ಭಾರತಿ, 100.1ರಲ್ಲಿ ‘ಅಮೃತವರ್ಷಿಣಿ’. ಇವುಗಳಲ್ಲಿ ಅಮೃತವರ್ಷಿಣಿಯನ್ನು ಬೇರೆಯಾಗಿಯೇ ಹೇಳಬೇಕು. ಕರ್ನಾಟಕ ಮತ್ತು ಹಿಂದುಸ್ತಾನಿ ಶಾಸ್ತ್ರೀಯ ಸಂಗೀತಕ್ಕೆಂದೇ ಮೀಸಲಾದ ಈ ವಾಹಿನಿ, ಆಕಾಶವಾಣಿಯ ಸಂಗ್ರಹದಲ್ಲಿರುವ ಹಿಂದಿನ ತಲೆಮಾರಿನ ವಿದ್ವಾಂಸರ ಧ್ವನಿಮುದ್ರಣಗಳನ್ನು ಬಿಟ್ಟಿಯಾಗಿ ಮನೆಮನೆಗೆ ಒಯ್ಯುತ್ತದೆ. ಬೆಂಗಳೂರಿಗೆ ಇಂಥದೊಂದು ವಾಹಿನಿ ಇರುವುದು ಭಾಗ್ಯ. ಫೋನಿನ ಎಫ್‌ಎಂ ಹೋದರೆ ಮೊದಲು ಸೊರಗುವುದು ಇಂಥ ವಾಹಿನಿಯೇ.

ಖಾಸಗಿ ನಿಲಯಗಳ ಕಥೆಯಲ್ಲಿ ಕನ್ನಡದ್ದೇ ಒಂದು ಅಧ್ಯಾಯವಿದೆ. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಖಾಸಗಿ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಮೇಲುಗೈ. ಕನ್ನಡ ಹಾಡಿಗೆ ಕೇಳುಗರಿಲ್ಲ ಎಂಬ ನಂಬಿಕೆ ಉದ್ಯಮದಲ್ಲಿತ್ತು. ಎರಡನೇ ಹಂತದ ಪರವಾನಗಿ ಪಡೆದ ನಿಲಯಗಳು 2006ರ ಸುಮಾರಿಗೆ ಬಂದಾಗ ಆ ನಂಬಿಕೆ ಮುರಿಯಿತು. ಬಿಗ್ ಎಫ್‌ಎಂ 92.7, ಇಂದಿನ ರೆಡ್ ಎಫ್‌ಎಂ 93.5, ರೇಡಿಯೊ ಮಿರ್ಚಿ 98.3 ಮೊದಲಾದವು ಕನ್ನಡ ಹಾಡುಗಳತ್ತ ವಾಲಿದವು. ಆ ವರ್ಷದ ಕೊನೆಗೆ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಉಳಿದ ಕೆಲಸ ಮುಗಿಸಿದವು. ಕನ್ನಡ ಸಂಘಟನೆಗಳ ಒತ್ತಾಯವೂ ಇದರ ಹಿಂದಿತ್ತು. ಕನ್ನಡ ಹಾಡು ಕೇಳುವವರು ಮೊದಲಿನಿಂದಲೂ ಇದ್ದರು; ಕೀಪ್ಯಾಡ್ ಫೋನು ಅವರ ಕೈಗೆ ಬಂದ ಮೇಲೆ ಅವರ ಸಂಖ್ಯೆ ಉದ್ಯಮಕ್ಕೆ ಕಾಣಿಸಿತು. ಖಾಸಗಿ ನಿಲಯಗಳು ತಮ್ಮದೇ ಸುದ್ದಿ ಪ್ರಸಾರ ಮಾಡುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಬದಲಾಯಿಸದೆ ಮರುಪ್ರಸಾರ ಮಾಡಬಹುದು ಎಂಬ ನಿಯಮ ಈಗಲೂ ಇದೆ. ಇದು ಕೇಳುಗರಿಗೆ ಆಗುತ್ತಿರುವ ನಷ್ಟ. ಟಿವಿಗೂ ಪತ್ರಿಕೆಗೂ ಜಾಲತಾಣಕ್ಕೂ ಇಲ್ಲದ ಕಟ್ಟು ರೇಡಿಯೊಗೆ ಮಾತ್ರ ಏಕೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಬಂದಿಲ್ಲ.

ಸಮುದಾಯ ಬಾನುಲಿಯಲ್ಲಿ ಜೈನ್ ವಿಶ್ವವಿದ್ಯಾಲಯದ ರೇಡಿಯೊ ಆ್ಯಕ್ಟಿವ್ 90.4 ಅನ್ನು ಹೆಸರಿಸಬೇಕು, 2007ರಲ್ಲಿ ಆರಂಭವಾದದ್ದು. ಸಮುದಾಯ ನಿಲಯಗಳ ಟ್ರಾನ್ಸ್‌ಮಿಟರ್ ಶಕ್ತಿ ಚಿಕ್ಕದು. ಕೆಲವೇ ಕಿಲೋಮೀಟರ್ ಸುತ್ತಲಿನ ಜನರಿಗೆ ಮೀಸಲಾದವು. ಹೀಗಾಗಿ ನಗರದ ಇನ್ನೊಂದು ತುದಿಯಲ್ಲಿ ಫೋನಿನ ಎಫ್‌ಎಂಗಿಂತ ಜಾಲತಾಣದ ಪ್ರಸಾರವೇ ಅವುಗಳಿಗೆ ಆಧಾರ.

ಚಿಪ್ಪಿದ್ದರೂ ರೇಡಿಯೊ ಇಲ್ಲ

ಇಂದಿನ ಬಹಳಷ್ಟು ಸ್ಮಾರ್ಟ್‌ಫೋನುಗಳಲ್ಲಿ ಎಫ್‌ಎಂ ಕಾಣುವುದಿಲ್ಲ. ಸೋಜಿಗವೆಂದರೆ, ವೈಫೈ ಮತ್ತು ಬ್ಲೂಟೂತ್ ನೋಡಿಕೊಳ್ಳುವ ಚಿಪ್ಪಿನಲ್ಲೇ ಎಫ್‌ಎಂ ಗ್ರಾಹಕವನ್ನೂ ಸೇರಿಸುವುದು ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಕಂಪನಿಗಳಲ್ಲಿ ವರ್ಷಗಳಿಂದ ನಡೆದುಬಂದಿದೆ. ಆದರೆ ಚಿಪ್ಪಿನಲ್ಲಿ ಇದ್ದಮಾತ್ರಕ್ಕೆ ರೇಡಿಯೊ ಮಾತಾಡದು. ಇಯರ್‌ಫೋನ್ ಜಾಕಿನಿಂದ ಚಿಪ್ಪಿಗೆ ಆಂಟೆನಾ ಸಂಪರ್ಕ ಎಳೆದಿರಬೇಕು, ತಕ್ಕ ಡ್ರೈವರು ಹಾಕಿರಬೇಕು, ಆ್ಯಪು ಕೊಟ್ಟಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಗ್ರಾಹಕ ಸುಮ್ಮನೆ ಮಲಗಿರುತ್ತದೆ. ಆಂಡ್ರಾಯ್ಡ್‌ನಲ್ಲಿ ಎಲ್ಲ ಫೋನಿಗೂ ಹೊಂದುವ ಒಂದೇ ಎಫ್‌ಎಂ ವ್ಯವಸ್ಥೆ ಇಲ್ಲದ್ದರಿಂದ ಪ್ಲೇ ಸ್ಟೋರಿನಿಂದ ಯಾವುದೋ ‘ಎಫ್‌ಎಂ ರೇಡಿಯೊ’ ಆ್ಯಪು ಇಳಿಸಿಕೊಂಡರೆ ಅದು ಸಾಮಾನ್ಯವಾಗಿ ಅಂತರ್ಜಾಲದ ಸ್ಟ್ರೀಮನ್ನೇ ನುಡಿಸುತ್ತದೆ. ಬಳಕೆದಾರರು ಎಫ್‌ಎಂ ಎಂದುಕೊಂಡು ಡೇಟಾ ಖರ್ಚು ಮಾಡುತ್ತಿರುತ್ತಾರೆ. ಗೊತ್ತುಮಾಡಿಕೊಳ್ಳಲು ಸುಲಭದ ದಾರಿ: ಮೊಬೈಲ್ ಡೇಟಾ, ವೈಫೈ ಎರಡನ್ನೂ ಆರಿಸಿ ನೋಡುವುದು. ಆಗಲೂ ಹಾಡಿದರೆ ಅದು ನಿಜವಾದ ಎಫ್‌ಎಂ.

2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಜಾಕು ಹೋಯಿತು. ಉಳಿದವರೂ ಅದೇ ಹಾದಿ ಹಿಡಿದರು. ಐಫೋನ್ 7 ಮತ್ತು 8ರಲ್ಲಿ ಎಫ್‌ಎಂ ಚಿಪ್ಪೂ ಇಲ್ಲ, ಅದಕ್ಕೆ ತಕ್ಕ ಆಂಟೆನಾವೂ ಇಲ್ಲ ಎಂದು ಆ್ಯಪಲ್ 2017ರಲ್ಲಿ ಹೇಳಿತು. ಭಾರತದಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2023ರ ಏಪ್ರಿಲ್ 28ರಂದು ಫೋನು ತಯಾರಕರ ಸಂಘಗಳಿಗೆ ಸಲಹಾಪತ್ರ ಬರೆದು, ಎಫ್‌ಎಂ ಗ್ರಾಹಕವಿರುವ ಫೋನುಗಳಲ್ಲಿ ಅದನ್ನು ಮುಚ್ಚಿಡಬಾರದು, ಇಲ್ಲದ ಫೋನುಗಳಲ್ಲಿ ಸೇರಿಸಲು ಯತ್ನಿಸಬೇಕು ಎಂದಿತು. ಅದೇ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕೂಡ ಇದನ್ನೇ ಶಿಫಾರಸು ಮಾಡಿತು. ಸಲಹೆ ಸಲಹೆಯಾಗಿಯೇ ಉಳಿಯಿತು. ದುಡ್ಡು ಕೊಟ್ಟು ಕೊಂಡ ಫೋನಿನಲ್ಲಿ ಇರುವ ಗ್ರಾಹಕವನ್ನು ಬಳಸುವ ಹಕ್ಕು ಕೊಂಡವರಿಗೆ ಸೇರಬೇಕು. ಇದರಲ್ಲಿ ಎರಡು ಮಾತಿಗೆ ಎಡೆಯಿಲ್ಲ.

ಮೆಮೊರಿ ಕಾರ್ಡಿನಿಂದ ಆ್ಯಪಿಗೆ

ಎಫ್‌ಎಂ ಮತ್ತು ಸ್ಟ್ರೀಮಿಂಗ್ ನಡುವೆ ಇನ್ನೊಂದು ಕಾಲವಿತ್ತು, ಮೆಮೊರಿ ಕಾರ್ಡಿನ ಕಾಲ. ರೀಚಾರ್ಜ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತ ಹುಡುಗ ಕಾರ್ಡನ್ನು ರೀಡರಿಗೆ ಸಿಕ್ಕಿಸಿ, ‘ಯಾವ್ದು ಬೇಕು, ರಾಜ್‌ಕುಮಾರ್‌ದಾ, ಜಾನಪದಾನಾ?’ ಎಂದು ಕೇಳಿ ಹತ್ತಿಪ್ಪತ್ತು ರೂಪಾಯಿಗೆ ಎಂಪಿತ್ರೀ ಹಾಡು ತುಂಬಿಸಿಕೊಡುತ್ತಿದ್ದ. ಉತ್ತರ ಕರ್ನಾಟಕದಿಂದ ಬಂದ ಕಟ್ಟಡ ಕಾರ್ಮಿಕರು ‘ಚೈನಾ ಸೆಟ್’ನ ದೊಡ್ಡ ಸ್ಪೀಕರಿನಲ್ಲಿ ತತ್ವಪದ, ಗೀಗೀ ಪದ, ದೊಡ್ಡಾಟದ ಹಾಡು ಕೇಳುತ್ತಿದ್ದುದು ಈ ಕಾರ್ಡುಗಳಿಂದ. ಬೆಂಗಳೂರಿನ ಯಾವ ಎಫ್‌ಎಂ ನಿಲಯವೂ ಅವರ ಊರಿನ ಹಾಡನ್ನು ಸಾಮಾನ್ಯವಾಗಿ ಹಾಕುತ್ತಿರಲಿಲ್ಲ. ಕೃತಿಸ್ವಾಮ್ಯದ ದೃಷ್ಟಿಯಿಂದ ಇದು ತಪ್ಪೇ. ಆದರೂ ಪ್ರಾದೇಶಿಕ ಸಂಗೀತ ಊರಿಂದೂರಿಗೆ ಹರಡಿದ್ದರಲ್ಲಿ ಈ ಅಂಗಡಿಗಳ ಪಾತ್ರ ದೊಡ್ಡದು.

2016ರ ಬಳಿಕ ಡೇಟಾ ಅಗ್ಗವಾಯಿತು, ಅಂಗಡಿಯ ಈ ಕೆಲಸ ನಿಂತಿತು. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ದೇಶದ ಆಕಾಶವಾಣಿ ವಾಹಿನಿಗಳು ನೂರಾರು ಸಂಖ್ಯೆಯಲ್ಲಿ ಸಿಗುತ್ತವೆ. 2024ರ ನವೆಂಬರಿನಲ್ಲಿ ಬಂದ ‘ವೇವ್ಸ್’ ವೇದಿಕೆ ದೂರದರ್ಶನವನ್ನೂ ಆಕಾಶವಾಣಿಯನ್ನೂ ಒಂದೆಡೆ ತಂದಿದೆ. ಕೆಂಪಾಪುರದಲ್ಲಿ ನೆಲೆಸಿದ ಧಾರವಾಡದವರು ಧಾರವಾಡ ಆಕಾಶವಾಣಿಯನ್ನು, ಮಂಗಳೂರಿನವರು ಮಂಗಳೂರಿನದನ್ನು ಕೇಳಬಹುದು. ಎಫ್‌ಎಂ ಎಂದೂ ಕೊಡಲಾಗದ ಅನುಕೂಲ ಇದು. ಅಮೆರಿಕದ ಕನ್ನಡ ಮನೆಗಳಿಗೂ ಇದೇ ದಾರಿ. ಸೆಕೆಂಡಿಗೆ 64 ಕಿಲೋಬಿಟ್‌ನ ಸ್ಟ್ರೀಮಿಗೆ ಗಂಟೆಗೆ ಸುಮಾರು 29 ಮೆಗಾಬೈಟ್ ಡೇಟಾ ಸಾಕು. ಸ್ಟ್ರೀಮು ಮಾತ್ರ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೂ ಹಿಂದೆ ಇರುತ್ತದೆ. ಕ್ರಿಕೆಟ್ ಕಾಮೆಂಟರಿಯಲ್ಲಿ ವಿಕೆಟ್ ಬಿದ್ದದ್ದು ಪಕ್ಕದ ಮನೆಯ ಕೂಗಿನಿಂದ ಮೊದಲು ಗೊತ್ತಾಗುವುದು ಇದರಿಂದಲೇ. ಆಕಾಶವಾಣಿಯ ಸಮಯಸೂಚಕ ಬೀಪ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಪದ್ಧತಿಗೂ ಸ್ಟ್ರೀಮು ಒದಗದು.

ಬೇಡಿಕೆಯ ಮೇಲೆ ಕೇಳುವ ಧ್ವನಿಯಲ್ಲಿ ಕನ್ನಡದ ಬೆಳೆ ಚೆನ್ನಾಗಿಯೇ ಬಂದಿದೆ. ‘ತಲೆಹರಟೆ’ ಕನ್ನಡ ಪಾಡ್‌ಕಾಸ್ಟ್ ಸಮಾಜ, ವಿಜ್ಞಾನ, ಇತಿಹಾಸಗಳನ್ನು ಆಡುಮಾತಿನಲ್ಲಿ ದೀರ್ಘವಾಗಿ ಚರ್ಚಿಸುವ ಮಾದರಿಯನ್ನು ಹಾಕಿಕೊಟ್ಟಿತು. ಮೈಲ್ಯಾಂಗ್ ಬುಕ್ಸ್ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ಫೋನಿಗೆ ತಂದಿತು. ದೃಷ್ಟಿ ಇಲ್ಲದವರಿಗೆ, ಓದಲು ಬಿಡುವಿಲ್ಲದವರಿಗೆ, ಕನ್ನಡ ಮಾತು ಬಂದರೂ ಲಿಪಿ ಬಾರದ ಹೊರನಾಡಿನ ಮಕ್ಕಳಿಗೆ ಇವು ಆಸರೆ.

ನೆರೆ, ಕತ್ತಲೆ, ಎಚ್ಚರಿಕೆ

2021ರ ನವೆಂಬರಿನಲ್ಲಿ, ಮತ್ತೆ 2024ರ ಅಕ್ಟೋಬರಿನಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟು ಜಲಾವೃತವಾಗಿ ನಿವಾಸಿಗಳನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಇಂಥ ಹೊತ್ತಿನಲ್ಲಿ ಕರೆಂಟು ಹೋಗುತ್ತದೆ, ಕರೆಂಟಿನ ಹಿಂದೆ ಮನೆಯ ವೈಫೈ. ಮೊಬೈಲ್ ಟವರಿನ ಬ್ಯಾಟರಿಗೂ ಗಂಟೆಗಳ ಮಿತಿ. ಜೊತೆಗೆ ಸಾವಿರಾರು ಜನ ಒಟ್ಟಿಗೆ ಕರೆಮಾಡಿದಾಗ ಜಾಲ ಕಟ್ಟಿಕೊಳ್ಳುತ್ತದೆ. ಎಫ್‌ಎಂ ಪ್ರಸಾರಕ್ಕೆ ಕೇಳುಗರ ಸಂಖ್ಯೆಯಿಂದ ಹೊರೆಯಿಲ್ಲ. ದೂರದ ಒಂದು ಟ್ರಾನ್ಸ್‌ಮಿಟರು, ಅದಕ್ಕೊಂದು ಡೀಸೆಲ್ ಜನರೇಟರು ಇದ್ದರೆ ಹತ್ತು ಜನಕ್ಕೂ ಹತ್ತು ಲಕ್ಷ ಜನಕ್ಕೂ ಖರ್ಚು ಒಂದೇ. ಸಚಿವಾಲಯದ ಸಲಹಾಪತ್ರ ವಿಪತ್ತಿನ ಕಾರಣವನ್ನು ಮುಂದಿಟ್ಟದ್ದು ಸರಿಯಾಗಿಯೇ ಇದೆ.

ಮೊಬೈಲ್ ಜಾಲದೊಳಗೂ ಎಲ್ಲರಿಗೂ ಒಮ್ಮೆಲೇ ತಲುಪಿಸುವ ಒಂದು ಉಪಾಯವಿದೆ, ಸೆಲ್ ಬ್ರಾಡ್‌ಕಾಸ್ಟ್. 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ಫೋನುಗಳೆಲ್ಲ ಒಟ್ಟಿಗೆ ಕಿರುಚಿ ಪರದೆಯ ಮೇಲೆ ಪರೀಕ್ಷಾ ಸಂದೇಶ ಮೂಡಿತಲ್ಲ, ಅದು ಇದೇ. ಆದರೆ ಅದು ನಾಲ್ಕು ಸಾಲಿನ ಎಚ್ಚರಿಕೆ. ಯಾವ ರಸ್ತೆ ತೆರೆದಿದೆ, ಎಲ್ಲಿ ಊಟ ಸಿಗುತ್ತದೆ, ನೀರು ಎಷ್ಟು ಇಳಿದಿದೆ ಎಂದು ಗಂಟೆಗಟ್ಟಲೆ ಹೇಳಲು ರೇಡಿಯೊವೇ ಬೇಕು.

ನೇರ ಮೊಬೈಲಿಗೆ ಪ್ರಸಾರ

ಟಿವಿಯನ್ನೂ ಇದೇ ಬಗೆಯಲ್ಲಿ, ಅಂತರ್ಜಾಲವಿಲ್ಲದೆ, ಫೋನಿಗೆ ತರುವ ಯತ್ನ ಹಳೆಯದು. ದಕ್ಷಿಣ ಕೊರಿಯ 2005ರಲ್ಲಿ, ಜಪಾನ್ 2006ರಲ್ಲಿ ಫೋನಿಗೆ ನೆಲದ ಟವರುಗಳಿಂದ ಟಿವಿ ಪ್ರಸಾರ ಆರಂಭಿಸಿದವು. ದೂರದರ್ಶನ 2016ರ ಫೆಬ್ರವರಿಯಲ್ಲಿ 16 ನಗರಗಳಲ್ಲಿ ಡಿವಿಬಿ-ಟಿ2 ಪದ್ಧತಿಯ ಪ್ರಸಾರ ತೊಡಗಿತು. ಬೆಂಗಳೂರೂ ಅವುಗಳಲ್ಲಿ ಒಂದು. ಫೋನಿಗೆ ಪ್ರತ್ಯೇಕ ಡಾಂಗಲ್ ಸಿಕ್ಕಿಸಬೇಕಿದ್ದರಿಂದ ಅದು ಜನಕ್ಕೆ ಹತ್ತಲಿಲ್ಲ.

ಆ ಕೊರತೆ ನೀಗುವ ಚಿಪ್ಪು ಬೆಂಗಳೂರಿನಲ್ಲೇ ತಯಾರಾಯಿತು. ಇಲ್ಲಿನ ಸಾಂಖ್ಯ ಲ್ಯಾಬ್ಸ್ 2018ರ ಡಿಸೆಂಬರಿನಲ್ಲಿ ‘ಪೃಥ್ವಿ-3’ ಚಿಪ್ಪನ್ನು ಬಿಡುಗಡೆ ಮಾಡಿತು. ಯಾವ ಪ್ರಸಾರ ಪದ್ಧತಿಯನ್ನು ಹಿಡಿಯಬೇಕೆಂಬುದನ್ನು ತಂತ್ರಾಂಶದಿಂದಲೇ ಬದಲಿಸಬಲ್ಲ ಚಿಪ್ಪು ಅದು. ಸಾಂಖ್ಯ ನಂತರ ಬೆಂಗಳೂರಿನದೇ ಆದ, ಟಾಟಾ ಸಮೂಹದ ತೇಜಸ್ ನೆಟ್‌ವರ್ಕ್ಸ್‌ಗೆ ಸೇರಿತು. ಇದರ ಮೇಲೆ ಕಟ್ಟಿದ ‘ಡೈರೆಕ್ಟ್ ಟು ಮೊಬೈಲ್’ ಅಥವಾ ಡಿ2ಎಂ ವ್ಯವಸ್ಥೆಯ ಪ್ರಯೋಗಗಳು ಬೆಂಗಳೂರು, ದೆಹಲಿ, ನೋಯ್ಡಾಗಳಲ್ಲಿ ನಡೆದವು. 2025ರಲ್ಲಿ ಲಾವಾ, ಎಚ್‌ಎಂಡಿ ಕಂಪನಿಗಳು ಡಿ2ಎಂ ಹಿಡಿಯುವ ಅಗ್ಗದ ಫೋನುಗಳನ್ನು ಪ್ರಕಟಿಸಿದವು. ವಿರೋಧವೂ ಇದೆ. ಫೋನಿನ ಬೆಲೆ ಸುಮಾರು 30 ಡಾಲರ್ ಏರಬಹುದೆಂದು ದೊಡ್ಡ ತಯಾರಕರು 2023ರಲ್ಲಿ ಆಕ್ಷೇಪ ಎತ್ತಿದರು. ಟವರಿನಿಂದ ಬಿಟ್ಟಿ ಬರುವ ವಿಡಿಯೊ ದೂರಸಂಪರ್ಕ ಕಂಪನಿಗಳ ಡೇಟಾ ಆದಾಯಕ್ಕೆ ಕೈಹಾಕುತ್ತದೆ ಎಂಬುದೂ ಮರೆಯಲಾಗದ ಸಂಗತಿ.

ಡಿಜಿಟಲ್ ರೇಡಿಯೊ

ಆಕಾಶವಾಣಿ ತನ್ನ ಮಧ್ಯಮ ತರಂಗ ಜಾಲಕ್ಕೆ ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿಯನ್ನು ಆರಿಸಿಕೊಂಡು ಬೆಂಗಳೂರೂ ಸೇರಿದಂತೆ 35 ಮಧ್ಯಮ ತರಂಗ ಟ್ರಾನ್ಸ್‌ಮಿಟರುಗಳನ್ನು ಅದಕ್ಕೆ ಅಣಿಗೊಳಿಸಿದೆ. ಹೊಸ ಕಾರುಗಳಲ್ಲಿ ಈ ಗ್ರಾಹಕ ಬರುತ್ತಿದೆ. ಕಾರಿಲ್ಲದವರಿಗೆ ಸಿಗುವುದು ಕಷ್ಟ: ಬಿಡಿ ಸೆಟ್ಟುಗಳು ದುಬಾರಿ, ಕೈಯಲ್ಲಿರುವ ಫೋನಿನಲ್ಲಿ ಅದಿಲ್ಲ. ಎಫ್‌ಎಂ ಪಟ್ಟಿಯಲ್ಲೂ ಡಿಜಿಟಲ್ ಬರುವ ಸೂಚನೆ ಇದೆ. ಸದ್ಯ ಒಂದು ಊರಿನ ಖಾಸಗಿ ನಿಲಯಗಳ ನಡುವೆ 800 ಕಿಲೋಹರ್ಟ್ಸ್ ಅಂತರ ಬಿಡಬೇಕು. ಡಿಜಿಟಲ್ ಆದರೆ ಒಂದೇ ಕಂಪನಾಂಕದ ಮೇಲೆ ಮೂರ್ನಾಲ್ಕು ವಾಹಿನಿ ಕೂರಿಸಬಹುದು. ಟ್ರಾಯ್ 2025ರ ಅಕ್ಟೋಬರಿನಲ್ಲಿ ಮಾಡಿದ ಶಿಫಾರಸಿನಂತೆ ಮೊದಲು 13 ದೊಡ್ಡ ನಗರಗಳಲ್ಲಿ, ಹಳೆಯ ಎಫ್‌ಎಂ ಜೊತೆಜೊತೆಗೇ, ಒಂದೇ ತಂತ್ರಜ್ಞಾನದಲ್ಲಿ ಡಿಜಿಟಲ್ ಪ್ರಸಾರ ಶುರುವಾಗಬೇಕು. ಬೆಂಗಳೂರು ಆ ಪಟ್ಟಿಯಲ್ಲಿದೆ. ನಾರ್ವೆ 2017ರಲ್ಲಿ ತನ್ನ ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರವನ್ನೇ ನಿಲ್ಲಿಸಿತು. ಡಿಜಿಟಲ್ ಗ್ರಾಹಕವಿಲ್ಲದ ಲಕ್ಷಾಂತರ ಹಳೆಯ ಸೆಟ್ಟುಗಳು ಅಲ್ಲಿ ಮೂಲೆಗೆ ಸೇರಿದವು. ಎರಡನ್ನೂ ಒಟ್ಟಿಗೆ ನಡೆಸುವ ಟ್ರಾಯ್ ಯೋಜನೆ ಅದಕ್ಕಿಂತ ಮೇಲು. ಆದರೆ ಯಾವ ಪದ್ಧತಿ ಎಂಬುದು ತೀರ್ಮಾನವಾಗುವ ದಿನವೇ ಆ ಗ್ರಾಹಕ ಫೋನಿನೊಳಗೆ ಇರಬೇಕೆಂಬ ನಿಯಮವೂ ಬರಬೇಕು. ಎಫ್‌ಎಂ ವಿಷಯದಲ್ಲಿ ಆ ನಿಯಮ ಬರೆಯದೆ ಸಲಹೆಗೇ ನಿಂತದ್ದರಿಂದ, ಅಮೃತವರ್ಷಿಣಿಯ ಸಂಗೀತ ಗಾಳಿಯಲ್ಲಿ ತುಂಬಿರುವ ಕೆಂಪಾಪುರದಲ್ಲೂ ಅದನ್ನು ಕೇಳಲು ಇಂದು ಬಹಳ ಮಂದಿ ಡೇಟಾ ಪ್ಯಾಕು ಹಾಕಿಸಿಕೊಳ್ಳಬೇಕಾಗಿದೆ.